ಮನ್ಯಾರಾನ ಅರ್ಧ ದಿನಕ್ಕೆ ಮುಗಿಸಬೇಡಿ: ಸಫಾರಿಗೆ ಹೊರಟಿರೋ ಕನ್ನಡದವರಿಗೆ ಒಂದು ಬಹಿರಂಗ ಪತ್ರ

ತಾಂಜಾನಿಯಾ ಸಫಾರಿಗೆ ಪ್ಲಾನ್ ಮಾಡ್ತಿರೋ ಅಣ್ಣ ಅಕ್ಕಂದಿರಿಗೆ, ಫ್ಯಾಮಿಲಿ ಗ್ರೂಪ್ ಕಟ್ಕೊಂಡು ಬರೋ ಹಿರಿಯರಿಗೆ, ದೊಡ್ಡ ದೊಡ್ಡ ಲೆನ್ಸ್ ಹೊತ್ಕೊಂಡು ಬರೋ ಹುಡುಗರು ಹುಡುಗಿಯರಿಗೆ ಎಲ್ಲಾರಿಗೂ ಉತ್ತರ ತಾಂಜಾನಿಯಾದ ಅರುಶಾ ಊರಿಂದ ನಮಸ್ಕಾರ.

ನಾವು ಇಲ್ಲಿಗೆ ಬಂದು ನೆಲೆಸಿ ವರ್ಷಗಳೇ ಆಗೋಯ್ತು. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯ ಪರಿಚಯದವರು, ಅವರ ಪರಿಚಯದವರು, ಬುಕಿಂಗ್‌ಗೆ ಮುಂಚೆ ಐಟಿನರಿ ಕಳಿಸಿ "ಮೇಡಂ ಒಂಚೂರು ನೋಡಿ ಹೇಳಿ" ಅಂತಾರೆ. ನೋಡಿದ್ರೆ ಹೆಚ್ಚುಕಮ್ಮಿ ಎಲ್ಲಾದ್ರಲ್ಲೂ ಒಂದೇ ಲೆಕ್ಕ. ಸೆರೆಂಗೆಟಿಗೆ ಎರಡು ಮೂರು ರಾತ್ರಿ, ಎನ್‌ಗೊರೊಂಗೊರೊಗೆ ಇಡೀ ಒಂದು ದಿನ, ತರಂಗೀರೆಗೆ ಒಂದು ದಿನ, ಲೇಕ್ ಮನ್ಯಾರಾ ನ್ಯಾಷನಲ್ ಪಾರ್ಕಿಗೆ ಮಾತ್ರ "ಹಾಫ್ ಡೇ ಗೇಮ್ ಡ್ರೈವ್". ಅಂದ್ರೆ ಮಧ್ಯಾಹ್ನ ಊಟದ ಡಬ್ಬಿ ಖಾಲಿ ಮಾಡಿ ಎರಡು ಗಂಟೆಗೆ ಒಳಗೆ ಹೋಗೋದು, ಹಿಪ್ಪೋ ಪೂಲ್ ತನಕ ಹೋಗಿ ಫೋಟೋ ತಗೊಳ್ಳೋದು, ಮರದ ಮೇಲೆ ಸಿಂಹ ಇದೆಯಾ ಅಂತ ನಾಲ್ಕು ಸಲ ಕೇಳೋದು, ಇಲ್ಲ ಅಂದ್ರೆ ಮುಖ ಸಪ್ಪೆ ಮಾಡ್ಕೊಂಡು ಐದೂವರೆಗೆ ಹೊರಗೆ ಬಂದು ಕರಾಟು ಲಾಡ್ಜ್‌ಗೆ ಹೋಗಿ ಮಲಗೋದು. ಆಮೇಲೆ ಊರಿಗೆ ಹೋಗಿ "ಮನ್ಯಾರಾದಲ್ಲಿ ಏನೂ ಇಲ್ಲ, ಬರೀ ಕೋತಿಗಳು" ಅಂತ ರಿವ್ಯೂ ಬರೆಯೋದು, ಅದನ್ನ ಓದಿ ಮುಂದಿನವರು ಅದನ್ನೂ ಕಟ್ ಮಾಡೋದು. ಇದನ್ನ ನೋಡಿ ನೋಡಿ ಹೊಟ್ಟೆ ಉರಿದು ಈ ಪತ್ರ ಬರೀತಿದೀನಿ. ದಯವಿಟ್ಟು ಸ್ವಲ್ಪ ತಾಳ್ಮೆಯಿಂದ ಓದಿ, ಉದ್ದ ಇದೆ.

ನಾನು ಕೇಳ್ಕೊಳ್ಳೋದು ಇಷ್ಟೇ. ಮನ್ಯಾರಾಗೆ ಇಡೀ ಒಂದು ದಿನ ಕೊಡಿ, ಜೊತೆಗೆ ಪಕ್ಕದ ಊರಲ್ಲಿ ಒಂದು ರಾತ್ರಿ ಇರಿ, ಪಾರ್ಕಲ್ಲಿ ಸಿಂಹದ ಬದಲು ನೀರನ್ನ ನೋಡಿ. ಯಾಕಂದ್ರೆ ಈ ಪಾರ್ಕ್ ಬದುಕಿರೋದೇ ಹೊರಗಿಂದ ಬರೋ ನೀರಿನ ಮೇಲೆ, ಪ್ರಾಣಿಗಳು ಹೊರಗಡೆಗೆ ಹೋಗಿ ಬರೋ ದಾರಿಯ ಮೇಲೆ. ಆ ಎರಡೂ ನಿಮ್ಮ ಕಾರಿನ ಕಿಟಕಿಯಿಂದ ಕಾಣಿಸ್ತವೆ, ಯಾರೂ ತೋರ್ಸಲ್ಲ ಅಷ್ಟೇ.

ಮೊದಲು ಜಾಗದ ಬಗ್ಗೆ ಹೇಳ್ಬಿಡ್ತೀನಿ. ಅರುಶಾದಿಂದ ಪಶ್ಚಿಮಕ್ಕೆ ಸುಮಾರು 125 ಕಿ.ಮೀ., ಪೂರ್ತಿ ಟಾರ್ ರೋಡ್. ರಿಫ್ಟ್ ವ್ಯಾಲಿ, ಅಂದ್ರೆ ಭೂಮಿ ಸೀಳಿ ಆಗಿರೋ ಉದ್ದನೆಯ ಕಣಿವೆ, ಅದರ ಪಶ್ಚಿಮದ ಗೋಡೆ ಇಲ್ಲಿ ನೆಟ್ಟಗೆ ಎದ್ದು ನಿಂತಿದೆ, ತಳದಿಂದ ತುದಿಗೆ ಸುಮಾರು 600 ಮೀಟರ್. ಗೋಡೆಯ ಕೆಳಗೆ ಉಪ್ಪು ಸೋಡಾದ ಕೆರೆ, ಗೋಡೆಗೂ ಕೆರೆಗೂ ಮಧ್ಯೆ ಒಂದು ಸಣ್ಣ ಪಟ್ಟಿ ನೆಲ, ಕೆಲವು ಕಡೆ ಒಂದೆರಡು ಕಿಲೋಮೀಟರ್ ಅಗಲ ಇದ್ರೆ ಹೆಚ್ಚು. ನಿಮ್ಮ ಜೀಪ್ ಓಡೋದು ಇದೇ ಪಟ್ಟಿಯಲ್ಲಿ. 1960ರಲ್ಲಿ ನ್ಯಾಷನಲ್ ಪಾರ್ಕ್ ಆಯ್ತು, 1981ರಲ್ಲಿ ಯುನೆಸ್ಕೋದವರು ಬಯೋಸ್ಫಿಯರ್ ರಿಸರ್ವ್ ಮಾಡಿದ್ರು, 2009ರಲ್ಲಿ ಗೋಡೆಯ ಮೇಲಿರೋ ಮರಾಂಗ್ ಕಾಡನ್ನೂ ಸೇರಿಸಿದ ಮೇಲೆ ಒಟ್ಟು 648 ಚ.ಕಿ.ಮೀ. ಚಿಲ್ಲರೆ ಆಯ್ತು. ಕೆರೆ ತುಂಬಿದಾಗ ಅದರಲ್ಲಿ ಸಾಕಷ್ಟು ಪಾಲು ನೀರೇ. ಸೆರೆಂಗೆಟಿ 14 ಸಾವಿರ ಚ.ಕಿ.ಮೀ. ದಾಟುತ್ತೆ, ಅದರ ಮುಂದೆ ಇದು ಚಿಕ್ಕದೇ, ಒಪ್ತೀನಿ. ಆದ್ರೆ ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಬಗೆಯ ನೆಲ ಇನ್ನೆಲ್ಲೂ ನೋಡಿಲ್ಲ ನಾನು. ಗೇಟ್ ಹತ್ರ ದಟ್ಟ ಕಾಡು, ಅದು ಮುಗೀತಿದ್ದಂಗೆ ಜವುಗು, ಆಮೇಲೆ ಹುಲ್ಲುಬಯಲು, ಆಮೇಲೆ ಕೊಡೆ ಬಿಚ್ಚಿದಂಗೆ ನಿಂತಿರೋ ಜಾಲಿ ಜಾತಿಯ ಮರಗಳು, ಗೋಡೆಯ ಇಳಿಜಾರಲ್ಲಿ ಬಾವೋಬಾಬ್ ಮರಗಳು. ಸವಣೂರಿನ ದೊಡ್ಡಹುಣಸೆ ಮಠದಲ್ಲಿ ಇರೋ ಆ ದೈತ್ಯ ಮರಗಳನ್ನ ನೋಡಿದೀರಲ್ಲ, ಅದೇ ಜಾತಿ, ಇಲ್ಲಿ ಕಲ್ಲಿನ ಸಂದಿಯಲ್ಲಿ ತಾವಾಗೇ ಬೆಳೆದು ನಿಂತಿವೆ.

ಈಗ ನೀರಿನ ವಿಷಯಕ್ಕೆ ಬರ್ತೀನಿ, ನನಗೆ ಮುಖ್ಯ ಅನ್ಸೋದು ಇದೇ.

ಗೇಟ್ ದಾಟಿದ ಕೂಡಲೇ ಸಿಗೋ ಕಾಡಿದೆಯಲ್ಲ, ನೋಡೋಕೆ ನಮ್ಮ ಆಗುಂಬೆ ಕಡೆ ಬಂದ್ವೇನೋ ಅನ್ಸುತ್ತೆ, ಅಷ್ಟು ಹಸಿರು, ಅಷ್ಟು ತಂಪು. ಆದ್ರೆ ಇಲ್ಲಿ ಅಂಥ ಮಳೆ ಬೀಳಲ್ಲ. ನಮ್ಮ ಬಯಲುಸೀಮೆಯಷ್ಟೇ ಮಳೆ, ಅದೂ ವರ್ಷದಲ್ಲಿ ಎರಡು ಸಲ ಬರುತ್ತೆ, ಮಾರ್ಚಿಂದ ಮೇವರೆಗೆ ದೊಡ್ಡ ಮಳೆ, ನವೆಂಬರ್ ಡಿಸೆಂಬರಲ್ಲಿ ಸಣ್ಣ ಮಳೆ, ಮಿಕ್ಕಿದ್ದು ಒಣ. ಆ ಮಳೆಗೆ ಇಂಥ ಕಾಡು ನಿಲ್ಲೋಕೆ ಸಾಧ್ಯವೇ ಇಲ್ಲ. ಈ ಮರಗಳು ಕುಡೀತಿರೋದು ಮೇಲಿನ ಎನ್‌ಗೊರೊಂಗೊರೊ ಬೆಟ್ಟಗಳ ನೀರು. ಅಲ್ಲಿ ಬಿದ್ದ ಮಳೆ ಜ್ವಾಲಾಮುಖಿಯ ತೂತುತೂತಾದ ಕಲ್ಲೊಳಗೆ ಇಳಿದು, ನೆಲದೊಳಗೇ ಹರಿದು ಬಂದು, ಈ ಗೋಡೆಯ ಬುಡದಲ್ಲಿ ಒರತೆಯಾಗಿ ಉಕ್ಕುತ್ತೆ. ಗ್ರೌಂಡ್‌ವಾಟರ್ ಫಾರೆಸ್ಟ್ ಅಂತಾರೆ ಇದನ್ನ. ಮಳೆ ಇಲ್ಲದ ತಿಂಗಳುಗಳಲ್ಲಿ ಸುತ್ತಮುತ್ತ ಎಲ್ಲಾ ಕಂದು ಬಣ್ಣಕ್ಕೆ ತಿರುಗಿದಾಗಲೂ ಈ ಪಟ್ಟಿ ಮಾತ್ರ ಹಸಿರಾಗೇ ಇರೋದು ಇದಕ್ಕೇ.

ಡ್ರೈವರ್‌ಗೆ ಹೇಳಿ ಒಂದು ತೊರೆಯ ಹತ್ರ ಎಂಜಿನ್ ಆಫ್ ಮಾಡಿಸಿ, ಸುಮ್ಮನೆ ಕೂತ್ಕೊಳ್ಳಿ. ನೀರು ಕಲ್ಲಿನ ಬುಡದಿಂದ ಹೊರಗೆ ಬಂದು ರಸ್ತೆಗೆ ಅಡ್ಡಲಾಗಿ ತೆಳ್ಳಗೆ ಹರಿಯುತ್ತೆ, ತಳದ ಮರಳು ಒಂದೊಂದು ಕಾಳೂ ಕಾಣ್ಸುವಷ್ಟು ತಿಳಿ. ದಂಡೆಯಲ್ಲಿ ಕಾಡು ಈಚಲು. ಮೇಲೆ ಅತ್ತಿ ಜಾತಿಯ ಮರಗಳು, ಕಾಂಡಕ್ಕೇ ಗೊಂಚಲು ಗೊಂಚಲು ಹಣ್ಣು ಬಿಟ್ಟಿರ್ತವೆ. ಹಣ್ಣಿದ್ರೆ ಸಾಕು, ಮಂಗಟ್ಟೆಗಳು ಬಂದೇ ಬರ್ತವೆ. ದಾಂಡೇಲಿಯಲ್ಲಿ ಮಂಗಟ್ಟೆ ನೋಡಿದವರಿಗೆ ಗೊತ್ತಲ್ಲ ಆ ರೆಕ್ಕೆ ಸದ್ದು, ಹಕ್ಕಿ ಕಾಣ್ಸೋಕೆ ಮುಂಚೆನೇ ಕೇಳ್ಸುತ್ತೆ. ಇಲ್ಲಿನ ಜಾತಿ ಬೇರೆ, ಕಪ್ಪು ಮೈ, ಕೆನ್ನೆ ಮೇಲೆ ಬೆಳ್ಳಿ ಬಣ್ಣದ ಗರಿ, ಕೊಕ್ಕಿನ ಮೇಲೆ ದೊಡ್ಡ ಕೆನೆ ಬಣ್ಣದ ಶಿರಸ್ತ್ರಾಣ. ಅವು ಹಣ್ಣು ತಿನ್ನುವಾಗ ಕೆಳಗೆ ಉದುರಿದ್ದಕ್ಕೆ ಬಬೂನ್‌ಗಳ ಹಿಂಡು ಕಾಯ್ತಾ ಇರುತ್ತೆ, ಒಂದೊಂದು ಹಿಂಡೂ ಎಷ್ಟು ದೊಡ್ಡದು ಅಂದ್ರೆ ರಸ್ತೆ ದಾಟೋಕೆ ಬಿಟ್ರೆ ಹತ್ತು ನಿಮಿಷ ಆಗುತ್ತೆ. "ಬರೀ ಕೋತಿಗಳು" ಅಂದವರು ಇವನ್ನೇ ನೋಡಿ ಅಂದಿದ್ದು. ಹಿಂಡಿನ ಮಧ್ಯೆ ಒಂದು ತಾಯಿ ಕೂತು ಮರಿಯ ಬೆನ್ನಿನ ಕೂದಲು ಬಿಡಿಸಿ ಬಿಡಿಸಿ ಹುಳ ಹೆಕ್ಕೋದು, ಮರಿ ತಪ್ಪಿಸ್ಕೊಂಡು ಓಡೋದು, ಬಾಲ ಹಿಡಿದು ವಾಪಸ್ ಎಳ್ಕೊಳ್ಳೋದು, ಅದನ್ನ ಕಾಲು ಗಂಟೆ ನೋಡಿ ಆಮೇಲೆ ಹೇಳಿ ಏನೂ ಇಲ್ಲ ಅಂತ. ಮರದ ತುದಿಯಲ್ಲಿ ಇನ್ನೊಂದು ಜಾತಿಯ ಕೋತಿ ಇರುತ್ತೆ, ಬ್ಲೂ ಮಂಕಿ, ಸಂಕೋಚದ ಪ್ರಾಣಿ, ಜೀಪ್ ನಿಲ್ಲಿಸಿ ಕಾದವರಿಗೆ ಮಾತ್ರ ಕಾಣ್ಸೋದು.

ಮರಗಳಲ್ಲಿ ನಿಮಗೆ ಪರಿಚಯ ಇರೋವೂ ಸಿಗ್ತವೆ. ಹುಣಸೆ ಮರ ಇದೆ, ಅದರ ಮೂಲ ಊರು ಆಫ್ರಿಕಾನೇ. ಕಬ್ಬನ್ ಪಾರ್ಕಲ್ಲಿ ಉದ್ದುದ್ದ ಸೌತೆಕಾಯಿ ತರ ಕಾಯಿ ನೇತಾಡೋ ಮರ ನೋಡಿದೀರಲ್ಲ, ಕೆಲವರು ಮರಸೌತೆ ಅಂತಾರೆ, ಅದನ್ನ ಇಲ್ಲಿಂದಲೇ ಭಾರತಕ್ಕೆ ತಂದು ಅಲಂಕಾರಕ್ಕೆ ನೆಟ್ಟಿದ್ದು. ಇಲ್ಲಿ ಅದರ ಹೂವಿಗೆ ರಾತ್ರಿ ಬಾವಲಿ ಬರುತ್ತೆ, ಕಾಯಿಯನ್ನ ಆನೆ ತಿನ್ನುತ್ತೆ. ಇನ್ನು ಹಳದಿ ಹಸಿರು ತೊಗಟೆಯ ಫೀವರ್ ಟ್ರೀ ಅನ್ನೋ ಜಾಲಿ, ಜವುಗು ನೆಲದಲ್ಲಿ ಸಾಲಾಗಿ ನಿಂತಿರುತ್ತೆ, ಸಂಜೆ ಬಿಸಿಲು ಬಿದ್ರೆ ಕಾಂಡವೇ ಹೊಳೆಯುತ್ತೆ. ಇಲ್ಲಿ ದನ ಸಾಕೋ ಮಸಾಯಿ ಜನರ ಮನೆ ಸುತ್ತ ಬೇಲಿಗೆ ಎಲೆ ಇಲ್ಲದ ಕಡ್ಡಿ ಕಡ್ಡಿ ಕಳ್ಳಿ ಹಾಕಿರ್ತಾರೆ, ಮುರಿದ್ರೆ ಹಾಲು ಸುರಿಯುತ್ತೆ, ನಮ್ಮ ಹೊಲದ ಬದುಗಳಲ್ಲೂ ಇರೋದೇ ಅದು.

ಆ ಕಾಡು ದಾಟಿ ಹೊರಗೆ ಬಂದ್ರೆ ಕೆರೆ. ಆಳ ತುಂಬಾ ಕಮ್ಮಿ, ತುಂಬಿದಾಗಲೂ ಬಹುಪಾಲು ಕಡೆ ಆಳು ಮುಳುಗೋ ಅಷ್ಟು ಇರಲ್ಲ. ಇದಕ್ಕೆ ನೀರು ಬರೋ ದಾರಿ ಇದೆ, ಹೋಗೋ ದಾರಿ ಇಲ್ಲ. ಬಿಸಿಲಿಗೆ ಆವಿಯಾಗಿ ಹೋಗೋದೇ, ಉಪ್ಪು ಸೋಡಾ ಎಲ್ಲಾ ಉಳ್ಕೊಳ್ಳುತ್ತೆ. ಅದಕ್ಕೇ ಒಂದು ವರ್ಷ ನೀರು ರಸ್ತೆಗೇ ನುಗ್ಗಿರುತ್ತೆ, ಇನ್ನೊಂದು ವರ್ಷ ಬರ ಬಂದು ಕಣ್ಣು ಹಾಯಿಸಿದಷ್ಟು ದೂರ ಬಿಳೀ ಬಿರುಕು ಬಿಟ್ಟ ನೆಲ. ಈ ಸೋಡಾ ನೀರಲ್ಲಿ ಸ್ಪಿರುಲಿನಾ ಅನ್ನೋ ಕಣ್ಣಿಗೆ ಕಾಣದ ಹಸಿರು ಪಾಚಿ ಬೆಳೆಯುತ್ತೆ, ಚಿಕ್ಕ ರಾಜಹಂಸ, ಅದೇ ಲೆಸ್ಸರ್ ಫ್ಲೆಮಿಂಗೊ, ಅದಕ್ಕೆ ಅದೇ ಊಟ. ತಲೆ ಕೆಳಗೆ ಮಾಡಿ ಕೊಕ್ಕನ್ನ ಮಗುಚಿ ನೀರಲ್ಲಿ ಆಡಿಸ್ತಾ ಇರುತ್ತೆ, ನಾಲಿಗೆ ಪಂಪ್ ತರ ನೀರನ್ನ ಒಳಗೆ ಎಳೆದು ಹೊರಗೆ ದೂಡುತ್ತೆ, ಕೊಕ್ಕಿನ ಅಂಚಲ್ಲಿರೋ ಸಣ್ಣ ಸಣ್ಣ ಎಳೆಗಳಲ್ಲಿ ಪಾಚಿ ಸಿಕ್ಕೊಳ್ಳುತ್ತೆ. ಮಳೆ ಜಾಸ್ತಿ ಆಗಿ ನೀರು ಸಪ್ಪೆ ಆದ್ರೆ ಪಾಚಿ ಇಲ್ಲ, ಪಾಚಿ ಇಲ್ಲ ಅಂದ್ರೆ ಹಕ್ಕಿ ರಾತ್ರೋರಾತ್ರಿ ಎದ್ದು ಇನ್ನೊಂದು ಕೆರೆಗೆ ಹೋಗ್ಬಿಡುತ್ತೆ. ನೇಟ್ರಾನ್, ಬೊಗೊರಿಯಾ, ನಕುರು ಎಲ್ಲಾ ಅವಕ್ಕೆ ಒಂದೇ ಮನೆಯ ಬೇರೆ ಬೇರೆ ಕೋಣೆ. ಪೂರ್ವ ಆಫ್ರಿಕಾದಲ್ಲಿ ಅವು ವರ್ಷ ವರ್ಷ ನೆಚ್ಚಿಕೊಂಡು ಮೊಟ್ಟೆ ಇಡೋ ಜಾಗ ಅಂದ್ರೆ ಉತ್ತರಕ್ಕಿರೋ ನೇಟ್ರಾನ್ ಕೆರೆ ಒಂದೇ. ಹಂಗಾಗಿ ಯಾವ ಟೂರ್ ಕಂಪನಿಯೂ ನಿಮಗೆ ಫ್ಲೆಮಿಂಗೊ ಗ್ಯಾರಂಟಿ ಕೊಡೋಕಾಗಲ್ಲ, ಕೊಟ್ರೆ ನಂಬಬೇಡಿ. ರಾಜಹಂಸ ಇಲ್ಲ ಅಂತ ಬೇಜಾರಾಗಬೇಡಿ, ಹೆಜ್ಜಾರ್ಲೆಗಳು ಇರ್ತವೆ, ಕೊಕ್ಕರೆ ಬೆಳ್ಳೂರಿನವರ ದಾಯಾದಿಗಳು, ಹಳದಿ ಕೊಕ್ಕಿನ ಕೊಕ್ಕರೆಗಳು ಇರ್ತವೆ, ಒಟ್ಟು ಹಕ್ಕಿ ಜಾತಿಗಳು ಇಲ್ಲಿ ನಾನೂರರ ಆಸುಪಾಸು.

ಈಗ ಕಷ್ಟದ ಮಾತು. ಈ ನೀರು ಬರೋ ಜಾಗ ಪಾರ್ಕಿನೊಳಗೆ ಇಲ್ಲ. ಮೇಲೆ ಕರಾಟು, ಎಂಬುಲು ಕಡೆಯ ಕೆಂಪು ಮಣ್ಣಿನ ಗುಡ್ಡಗಳಲ್ಲಿ ಇರಾಕ್ವ್ ಅನ್ನೋ ಇಲ್ಲಿನ ಬುಡಕಟ್ಟಿನ ಜನ ತಲೆಮಾರಿಂದ ಬೇಸಾಯ ಮಾಡ್ಕೊಂಡು ಬಂದಿದಾರೆ, ಮುಸುಕಿನ ಜೋಳ, ಗೋಧಿ, ಬೀನ್ಸ್ ಕಾಳು ಬೆಳೀತಾರೆ, ಕಾಫಿ ತೋಟಗಳೂ ಇವೆ. ಜನ ಜಾಸ್ತಿ ಆಗಿದಾರೆ, ಇಳಿಜಾರಿನ ಮರ ಕಡಿದು ಹೊಲ ಆಗಿದೆ, ದೊಡ್ಡ ಮಳೆ ಬಂದ್ರೆ ಆ ಕೆಂಪು ಮಣ್ಣೆಲ್ಲಾ ತೊರೆ ಹಿಡಿದು ಇಳಿದು ಕೆರೆ ಸೇರುತ್ತೆ, ಮೊದಲೇ ಆಳ ಇಲ್ಲದ ಕೆರೆ ಇನ್ನೂ ತುಂಬ್ಕೊಳ್ಳುತ್ತೆ. ಕೆಳಗೆ ಗೇಟಿನ ಪಕ್ಕದ ಮ್ಟೋ ವಾ ಎಂಬು ಊರಲ್ಲಿ ಅದೇ ತೊರೆಗಳ ನೀರು ಕಾಲುವೆಯಲ್ಲಿ ಭತ್ತಕ್ಕೆ, ಬಾಳೆಗೆ ಹೋಗುತ್ತೆ. ಇದರಲ್ಲಿ ಆ ರೈತರನ್ನ ಬಯ್ಯೋ ಮಾತೇ ಇಲ್ಲ, ಅವರ ಹೊಟ್ಟೆ ಅದು, ನಾವೆಲ್ಲಾ ಅಲ್ಲಿ ಊಟಕ್ಕೆ ಕೂತಾಗ ತಿನ್ನೋ ಅನ್ನವೂ ಅದೇ. ಆದ್ರೆ ಮೇಲೂ ನೀರು ಬೇಕು, ಕೆಳಗೂ ಬೇಕು, ಕೊನೆಯಲ್ಲಿ ಉಳಿದಿದ್ದು ಹಿಪ್ಪೋಗೆ, ಕೊಕ್ಕರೆಗೆ. 2009ರಲ್ಲಿ ಮರಾಂಗ್ ಕಾಡನ್ನ ಪಾರ್ಕಿಗೆ ಸೇರಿಸಿದ್ದು ನನಗೆ ಬಹಳ ಸಮಾಧಾನ ಕೊಟ್ಟಿರೋ ಕೆಲಸ, ಯಾಕಂದ್ರೆ ಅದು ನೀರು ಹಿಡಿದಿಡೋ ಕಾಡು, ಗೋಡೆಯ ಮೇಲೆ ಕೂತು ಕೆಳಗಿನ ತೊರೆಗಳನ್ನ ಸಾಕ್ತಾ ಇದೆ. ಅಲ್ಲಿಗೆ ಟೂರಿಸ್ಟ್ ಯಾರೂ ಹೋಗಲ್ಲ, ಹೋಗ್ಬೇಕು ಅಂತಾನೂ ಇಲ್ಲ. ಇದೆ ಅಂತ ಗೊತ್ತಿದ್ರೆ ಸಾಕು, ಕರಾಟು ಲಾಡ್ಜಲ್ಲಿ ಅರ್ಧ ಗಂಟೆ ಶವರ್ ಬಿಟ್ಕೊಂಡು ನಿಲ್ಲೋಕೆ ಮನಸ್ಸು ಬರಲ್ಲ.

ಎರಡನೇದು ದಾರಿ. ಈ ಪಟ್ಟಿ ನೆಲಕ್ಕೆ ಒಂದು ಕಡೆ ಗೋಡೆ, ಒಂದು ಕಡೆ ಕೆರೆ, ಉತ್ತರಕ್ಕೆ ಊರು. ಆನೆ, ಜೀಬ್ರಾ, ವೈಲ್ಡ್‌ಬೀಸ್ಟ್ ಇಷ್ಟರಲ್ಲೇ ವರ್ಷಪೂರ್ತಿ ಇರೋಕಾಗಲ್ಲ. ಕೆರೆಯ ಪೂರ್ವಕ್ಕೆ ತರಂಗೀರೆ ಪಾರ್ಕ್ ಇದೆ, ಎರಡರ ಮಧ್ಯೆ ಕ್ವಾಕುಚಿಂಜಾ ಅನ್ನೋ ಕಾರಿಡಾರ್. ಒಂದು ಕಾಲದಲ್ಲಿ ಇಂಥ ದಾರಿಗಳು ಹಲವಾರು ಇದ್ವು, ಹೊಲ, ಮನೆ, ರಸ್ತೆ ಬಂದು ಒಂದೊಂದೇ ಮುಚ್ಚೋದ್ವು, ಉಳಿದಿರೋದು ಕೆಲವೇ ಕೆಲವು. ಅರುಶಾದಿಂದ ಬಬಾಟಿ, ಡೊಡೋಮಾ ಕಡೆ ಹೋಗೋ ಹೈವೇ ಇದರ ಮಧ್ಯೆನೇ ಹಾದು ಹೋಗುತ್ತೆ, ಲಾರಿ ಬಸ್ಸು ರಾತ್ರಿಯೆಲ್ಲಾ ಓಡ್ತವೆ, ಪ್ರಾಣಿಗಳು ಬಡಿಸ್ಕೊಂಡು ಸಾಯ್ತವೆ. ತರಂಗೀರೆ ಮನ್ಯಾರಾ ಸೀಮೆಯಲ್ಲಿ ವೈಲ್ಡ್‌ಬೀಸ್ಟ್‌ಗಳ ಸಂಖ್ಯೆ 1980ರ ದಶಕದ ಕೊನೆಯಲ್ಲಿ ಇದ್ದಿದ್ದಕ್ಕೂ 2000ದ ಹೊತ್ತಿಗೆ ಇದ್ದಿದ್ದಕ್ಕೂ ಅಜಗಜಾಂತರ. ಬಂಡೀಪುರದಲ್ಲಿ 2009ರಿಂದ ರಾತ್ರಿ ಸಂಚಾರ ನಿಲ್ಲಿಸಿರೋದಕ್ಕೆ, ಅದನ್ನ ತೆಗೀಬಾರದು ಅಂತ ದನಿ ಎತ್ತಿದ ಜನ ನೀವು. ಆನೆ ಕಾರಿಡಾರ್ ಅಂದ್ರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ, ಅದಕ್ಕೇ ಈ ಪತ್ರ ಕನ್ನಡದಲ್ಲೇ ಬರೀಬೇಕು ಅನ್ಸಿದ್ದು.

ಆನೆ ಅಂದ ತಕ್ಷಣ ಇದೊಂದು ಹೇಳ್ಲೇಬೇಕು. ಕಾಡಾನೆಗಳನ್ನ ಒಂದೊಂದಾಗಿ ಗುರುತು ಹಿಡಿದು, ಕಿವಿಯ ಹರಿದ ಅಂಚು, ದಂತದ ಆಕಾರ ನೋಡಿ ಇದು ಇಂಥವಳು, ಇವಳ ಮಗಳು ಇವಳು ಅಂತ ಪಟ್ಟಿ ಮಾಡಿ, ಅವುಗಳ ಸಂಸಾರ ಹೇಗೆ ನಡೆಯುತ್ತೆ ಅಂತ ವರ್ಷಗಟ್ಲೆ ಕೂತು ನೋಡಿದ್ದು ಶುರುವಾಗಿದ್ದೇ ಇಲ್ಲಿ, 1960ರ ದಶಕದ ಮಧ್ಯದಲ್ಲಿ, ಇಯಾನ್ ಡಗ್ಲಸ್-ಹ್ಯಾಮಿಲ್ಟನ್ ಅನ್ನೋ ಹುಡುಗ ವಿಜ್ಞಾನಿಯಿಂದ. ಈ ಪಾರ್ಕಿನ ಒಳಗೆ ಎನ್ಡಾಲಾ ತೊರೆಯ ದಂಡೆಯಲ್ಲಿ ಅವರ ಕ್ಯಾಂಪ್ ಇತ್ತು. ಹಿಂಡನ್ನ ನಡೆಸೋದು ಮುದುಕಿ ಆನೆ, ಅವಳ ಹೆಣ್ಣುಮಕ್ಕಳು ಮೊಮ್ಮಕ್ಕಳು ಕೂಡಿಕೊಂಡು ಇರ್ತಾರೆ ಅನ್ನೋದೆಲ್ಲಾ ಇವತ್ತು ಶಾಲೆ ಮಕ್ಕಳಿಗೂ ಗೊತ್ತು, ಅದನ್ನ ಕೂತು ನೋಡಿ ಬರೆದಿಟ್ಟ ಮೊದಮೊದಲ ಜಾಗಗಳಲ್ಲಿ ಇದು ಒಂದು. ಆಮೇಲೆ ಬೇಟೆಗಾರರು ದಂತಕ್ಕೆ ಬಂದ್ರು, ಆನೆ ಅರ್ಧಕ್ಕಿಂತ ಕಮ್ಮಿ ಆದ್ವು, ಘೇಂಡಾಮೃಗ ಪೂರ್ತಿ ಹೋಗ್ಬಿಡ್ತು, ಇವತ್ತು ಮನ್ಯಾರಾದಲ್ಲಿ ಒಂದೂ ಇಲ್ಲ. ಆನೆಗಳು ಮಾತ್ರ ಮತ್ತೆ ಸುಧಾರಿಸ್ಕೊಂಡಿವೆ. ಜೀಪಿನ ಪಕ್ಕದಲ್ಲೇ ಮಣ್ಣು ಎರಚ್ಕೊಂಡು, ಮರಿಯನ್ನ ಹೊಟ್ಟೆ ಕೆಳಗೆ ಬಿಟ್ಕೊಂಡು ಆರಾಮಾಗಿ ದಾಟಿ ಹೋಗೋ ಹೆಣ್ಣಾನೆಗಳನ್ನ ನೋಡಿದಾಗ ನನಗೆ ಪ್ರತಿ ಸಲ ಅನ್ಸುತ್ತೆ, ಇವರ ಅಜ್ಜಿಯಂದಿರ ಹೆಸರು ಯಾವುದೋ ನೋಟ್‌ಬುಕ್‌ನಲ್ಲಿ ಇದೆಯಲ್ಲ ಅಂತ. ಅವು ಇಲ್ಲಿ ಇನ್ನೂ ಮೂರು ತಲೆಮಾರು ಇರ್ಬೇಕು ಅಂದ್ರೆ ಆ ಕಾರಿಡಾರ್ ತೆರೆದಿರಬೇಕು.

ಸಿಂಹದ ವಿಷಯ ಬೇಗ ಹೇಳಿ ಮುಗಿಸ್ತೀನಿ. ಹೌದು, ಇಲ್ಲಿನ ಸಿಂಹಗಳು ಮರ ಹತ್ತಿ ಕೊಂಬೆ ಮೇಲೆ ಕಾಲು ಇಳಿಬಿಟ್ಕೊಂಡು ಮಲಗ್ತವೆ. ನೊಣದ ಕಾಟ ತಪ್ಪಿಸ್ಕೊಳ್ಳೋಕೆ ಅಂತಾರೆ, ಮೇಲೆ ಗಾಳಿ ತಂಪು ಅಂತಾರೆ, ಆನೆ ಎಮ್ಮೆ ಹಿಂಡಿಂದ ದೂರ ಇರೋಕೆ ಅಂತಾರೆ, ಬಹುಶಃ ಎಲ್ಲಾ ಸೇರಿ ಇರ್ಬೇಕು. ಉಗಾಂಡಾದ ಇಶಾಶಾದಲ್ಲೂ ಹತ್ತುತ್ತವೆ, ಸೆರೆಂಗೆಟಿಯಲ್ಲೂ ಹತ್ತುತ್ತವೆ. ನೋಡೋಕೆ ಸಿಕ್ರೆ ನಿಮ್ಮ ಅದೃಷ್ಟ. ಆದ್ರೆ ಅದೊಂದಕ್ಕೆ ಡ್ರೈವರ್ ಮೇಲೆ ಒತ್ತಡ ಹಾಕ್ಬೇಡಿ ಪ್ಲೀಸ್. "ಅಣ್ಣಾ ಸಿಂಹ ತೋರ್ಸಿದ್ರೆ ಎಕ್ಸ್‌ಟ್ರಾ ಟಿಪ್ಸ್" ಅಂತ ಒಂದು ಮಾತು ಅಂದ್ರೆ ಸಾಕು, ರೇಡಿಯೋದಲ್ಲಿ ಸುದ್ದಿ ಬಂದ ಕೂಡಲೇ ಅವರು ಈ ಸಣ್ಣ ರಸ್ತೆಯಲ್ಲಿ ಧೂಳೆಬ್ಬಿಸಿಕೊಂಡು ಓಡ್ತಾರೆ, ಒಂದೇ ಮರದ ಕೆಳಗೆ ಹತ್ತು ಹದಿನೈದು ಜೀಪು, ರಸ್ತೆ ಬಿಟ್ಟು ಹುಲ್ಲಿಗೆ ಇಳಿಯೋರು ಒಬ್ಬರಾದ್ರೂ ಇದ್ದೇ ಇರ್ತಾರೆ. ರಸ್ತೆ ಬಿಟ್ಟು ಇಳಿಯೋದು ಇಲ್ಲಿ ನಿಷೇಧ, ಸಿಕ್ಕಿಬಿದ್ರೆ ದಂಡ ಕಟ್ಟೋದು, ಕೆಲಸಕ್ಕೆ ಕುತ್ತು ಬರೋದು ಡ್ರೈವರ್‌ಗೆ, ನಿಮಗಲ್ಲ. ನಮಗೆ ಚೆನ್ನಾಗಿ ಪರಿಚಯ ಇರೋ ಗೈಡ್ ಒಬ್ಬರು ಹೇಳ್ತಾರೆ, ಗೆಸ್ಟ್‌ಗಳು ಹಕ್ಕಿ ಬಗ್ಗೆ, ಮರದ ಬಗ್ಗೆ ಒಂದು ಪ್ರಶ್ನೆ ಕೇಳಿದ್ರೆ ಅವತ್ತು ಮನೆಗೆ ಖುಷಿಯಾಗಿ ಹೋಗ್ತೀನಿ ಅಂತ. ಅವರು ಅದನ್ನೆಲ್ಲಾ ಕಾಲೇಜಲ್ಲಿ ಓದಿ ಪರೀಕ್ಷೆ ಬರೆದು ಬಂದಿರೋರು, ಕೇಳೋರೇ ಇಲ್ಲ.

ಇಡೀ ದಿನ ಇದ್ರೆ ಏನು ಮಾಡೋದು ಅಂತ ಕೇಳ್ತೀರಾ, ಹೇಳ್ತೀನಿ. ಬೆಳಗ್ಗೆ ಗೇಟ್ ತೆಗೆದ ಕೂಡಲೇ ಒಳಗೆ ಹೋಗಿ, ಕಾಡಲ್ಲಿ ಆಗ ಜೀಪೇ ಇರಲ್ಲ, ಮಧ್ಯಾಹ್ನದ ಹೊತ್ತಿಗೆ ಹಾಫ್ ಡೇ ಗುಂಪು ಬರೋಷ್ಟರಲ್ಲಿ ನೀವು ದಕ್ಷಿಣಕ್ಕೆ ಇಳಿದಿರ್ಬೇಕು. ಮ್ಸಾಸಾ, ಎನ್ಡಾಲಾ, ಬಗಾಯೋ ತೊರೆಗಳನ್ನ ದಾಟ್ಕೊಂಡು ಎಂಡಬಾಷ್ ಕಡೆ ಹೋಗಿ, ಆಮೇಲೆ ಗೇಟಿಂದ 40 ಕಿ.ಮೀ. ಹತ್ತಿರ ಮಾಜಿ ಮೋಟೊ ಅಂತ ಬಿಸಿನೀರಿನ ಬುಗ್ಗೆ ಇದೆ, ಗೋಡೆಯ ಬುಡದ ಕಲ್ಲಿಂದ ಹಬೆಯಾಡ್ತಾ ಬರೋ ನೀರು, ಕೈ ಇಟ್ರೆ ಸುಡುತ್ತೆ, ಅಂಚಲ್ಲೆಲ್ಲಾ ಹಳದಿ ಹಸಿರು ಪಾಚಿ ಪದರ, ಸ್ವಲ್ಪ ದೂರಕ್ಕೇ ಕೆರೆ. ಅಷ್ಟು ದೂರ ಬರೋ ಗಾಡಿಗಳು ಬೆರಳೆಣಿಕೆ. ಗೋಡೆಯ ಕಲ್ಲುಗಳ ಮೇಲೆ ಕ್ಲಿಪ್‌ಸ್ಪ್ರಿಂಗರ್ ಅನ್ನೋ ಪುಟಾಣಿ ಜಿಂಕೆ ಗೊರಸಿನ ತುದಿಯಲ್ಲಿ ನಿಂತಿರುತ್ತೆ, ಬೈನಾಕ್ಯುಲರ್ ತನ್ನಿ. ಕಡು ನೀಲಿ, ಕಪ್ಪು ಬಟ್ಟೆ ಹಾಕ್ಬೇಡಿ, ದಕ್ಷಿಣದ ಕಡೆ ಟ್ಸೆಟ್ಸೆ ನೊಣ ಇದೆ, ಆ ಬಣ್ಣಕ್ಕೆ ಮುತ್ಕೊಳ್ಳುತ್ತೆ, ಕಡಿದ್ರೆ ಜೀನ್ಸ್ ಮೇಲೂ ಗೊತ್ತಾಗುತ್ತೆ. ಪ್ಲಾಸ್ಟಿಕ್ ಕವರ್ ಊರಲ್ಲೇ ಬಿಟ್ಟು ಬನ್ನಿ, 2019ರ ಜೂನ್ 1ರಿಂದ ಈ ದೇಶದಲ್ಲಿ ಅದು ಬ್ಯಾನ್, ಚಕ್ಕುಲಿ ಕೋಡುಬಳೆ ಸ್ಟೀಲ್ ಡಬ್ಬಿಯಲ್ಲಿ ತನ್ನಿ. ಆ ಚಕ್ಕುಲಿಯನ್ನ ಬಬೂನ್‌ಗೆ ಮಾತ್ರ ಕೊಡ್ಬೇಡಿ, ಮಕ್ಕಳ ಕೈಗೂ ಕೊಡ್ಬೇಡಿ ಗಾಡಿ ಕಿಟಕಿ ತೆಗೆದಿದ್ರೆ. ಒಂದು ಸಲ ಮನುಷ್ಯರ ತಿಂಡಿ ರುಚಿ ಹತ್ತಿದ ಗಂಡು ಬಬೂನ್ ಪಿಕ್ನಿಕ್ ಜಾಗದಲ್ಲಿ ಮೈಮೇಲೆ ಎರಗೋಕೆ ಶುರು ಮಾಡುತ್ತೆ, ಕೊನೆಗೆ ಅದರ ಜೀವಕ್ಕೇ ಬರುತ್ತೆ.

ರಾತ್ರಿ ಮ್ಟೋ ವಾ ಎಂಬುನಲ್ಲಿ ಉಳ್ಕೊಳ್ಳಿ ಅಂದಿದ್ದಕ್ಕೆ ಕಾರಣ ಇದೆ. ಅದು ಪಾರ್ಕಿಗೇ ಅಂಟಿಕೊಂಡಿರೋ ಊರು, ದೇಶದ ನಾನಾ ಕಡೆಯಿಂದ ಬಂದ ಬಗೆಬಗೆಯ ಬುಡಕಟ್ಟಿನವರು ಕೂಡಿ ಬಾಳ್ತಿರೋ ಊರು. ಆನೆ ಗದ್ದೆಗೆ ಇಳಿದ್ರೆ ನಷ್ಟ ಅವರದ್ದು, ರಾತ್ರಿ ತಮಟೆ ಬಡ್ಕೊಂಡು ಕಾಯೋದು ಅವರು. ಅಂಥವರಿಗೆ ಈ ಪಾರ್ಕಿನಿಂದ ನಾಲ್ಕು ಕಾಸು ಸಿಗದೇ ಹೋದ್ರೆ ಆನೆ ಮೇಲೆ ಪ್ರೀತಿ ಎಲ್ಲಿಂದ ಬರ್ಬೇಕು? ನೀವು ಐಷಾರಾಮಿ ಲಾಡ್ಜ್‌ನಿಂದ ನೇರ ಗೇಟ್, ಗೇಟಿಂದ ನೇರ ಲಾಡ್ಜ್ ಅಂತ ಹೋದ್ರೆ ಅವರಿಗೆ ಸಿಗೋದು ಧೂಳು ಮಾತ್ರ. ಊರಿನ ಗೈಡ್ ಜೊತೆ ಬಾಳೆತೋಟ, ಗದ್ದೆ ಕಾಲುವೆ ಸುತ್ತಿ, ನಿಮಗೇ ನೀರಿನ ಲೆಕ್ಕ ಅರ್ಥ ಆಗುತ್ತೆ. ರಸ್ತೆ ಬದಿಯಲ್ಲಿ ಕೆಂಪು ಬಾಳೆಹಣ್ಣು ಗೊನೆಗಟ್ಲೆ ನೇತು ಹಾಕಿರ್ತಾರೆ, ನಮ್ಮ ಚಂದ್ರಬಾಳೆನೇ, ತಗೊಳ್ಳಿ. ಮಧ್ಯಾಹ್ನ ಊರವರ ಮನೆಯೂಟ ಸಿಗುತ್ತೆ, ವೆಜ್ ಅಂತ ಮುಂಚೆ ಹೇಳಿದ್ರೆ ಅನ್ನ, ಬೀನ್ಸ್ ಕಾಳಿನ ಸಾರು, ಸೊಪ್ಪಿನ ಪಲ್ಯ, ತೆಂಗಿನ ಹಾಲಲ್ಲಿ ಬೇಯಿಸಿದ ಬಾಳೆಕಾಯಿ. ನಮ್ಮ ಅಮ್ಮ ಬಂದಾಗ ಅದನ್ನೇ ಎರಡು ಸಲ ಹಾಕಿಸ್ಕೊಂಡು ತಿಂದ್ರು.

ಇನ್ನೂ ಒಂದು ರಾತ್ರಿ ಕೈಯಲ್ಲಿ ಇದ್ರೆ ಕಾರಿಡಾರ್ ಕಡೆ ಇರಿ. ಬುರುಂಗೆ ಅನ್ನೋ ಜಾಗದಲ್ಲಿ ಹಳ್ಳಿಗಳು ಸೇರಿ ತಮ್ಮ ನೆಲದ ಒಂದು ಪಾಲನ್ನ ಉಳದೆ ಪ್ರಾಣಿಗಳಿಗೆ ಬಿಟ್ಟಿವೆ, ವೈಲ್ಡ್‌ಲೈಫ್ ಮ್ಯಾನೇಜ್‌ಮೆಂಟ್ ಏರಿಯಾ ಅಂತ ಕರೀತಾರೆ, ಅಲ್ಲಿನ ಕ್ಯಾಂಪ್‌ಗಳಲ್ಲಿ ಉಳಿದವರು ಕಟ್ಟೋ ಫೀಸಲ್ಲಿ ಹಳ್ಳಿಗಳಿಗೆ ಪಾಲು ಹೋಗುತ್ತೆ. ಪಕ್ಕದ ಮನ್ಯಾರಾ ರ‍್ಯಾಂಚ್ ಕೂಡ ಅಂಥದ್ದೇ, ದನ ಮೇಯೋ ನೆಲದಲ್ಲೇ ಜೀಬ್ರಾ ಹಿಂಡೂ ಹಾದು ಹೋಗುತ್ತೆ. ಪ್ರಾಣಿಗಳಿಗೆ ದಾರಿ ಬಿಟ್ಟವರಿಗೆ ಅದರಿಂದ ಆದಾಯ ಬರ್ತಾ ಇದ್ರೆ ನಾಳೆ ಅವರು ಅಲ್ಲಿ ಸೈಟ್ ಮಾಡಲ್ಲ. ಮಕುಯುನಿಯಿಂದ ಮಿಂಜಿಂಗು ತನಕ ಹೈವೇಯಲ್ಲಿ ಕತ್ತಲಾದ ಮೇಲೆ ಹೋಗೋ ತರ ಪ್ಲಾನ್ ಮಾಡ್ಲೇಬೇಡಿ, ಮಾಡಿದ್ರೆ ಡ್ರೈವರ್‌ಗೆ ನೀವೇ ನಿಧಾನ ಹೋಗಪ್ಪ ಅಂತ ಹೇಳಿ. ಡಿನ್ನರ್ ತಡ ಆದ್ರೆ ಆಗ್ಲಿ.

ಕೊನೆಗೆ ಬುಕಿಂಗ್ ಮಾಡೋರಿಗೆ. ಅಡ್ವಾನ್ಸ್ ಹಾಕೋಕೆ ಮುಂಚೆ ಆಪರೇಟರ್‌ಗೆ ಮೆಸೇಜ್ ಮಾಡಿ ಕೇಳಿ, ಮನ್ಯಾರಾಗೆ ಬೆಳಗ್ಗೆ ಆರಕ್ಕೆ ಗೇಟ್ ಹತ್ರ ಇರ್ತೀವಾ, ಮಾಜಿ ಮೋಟೊ ತನಕ ಕರ್ಕೊಂಡು ಹೋಗ್ತೀರಾ, ರಾತ್ರಿ ಉಳಿಯೋ ಜಾಗದ ದುಡ್ಡಲ್ಲಿ ಊರಿಗೆ ಏನಾದ್ರೂ ಹೋಗುತ್ತಾ ಅಂತ. "ಅದೆಲ್ಲಾ ಬೇಡ ಸರ್, ಆ ಟೈಮಲ್ಲಿ ಎನ್‌ಗೊರೊಂಗೊರೊ ಮಾಡ್ಬಿಡೋಣ" ಅಂದ್ರೆ ಬೇರೆಯವರನ್ನ ನೋಡಿ, ಅರುಶಾದಲ್ಲಿ ಒಳ್ಳೆ ಆಪರೇಟರ್‌ಗಳು ಬೇಕಾದಷ್ಟು ಜನ ಇದಾರೆ. ಈಗಾಗ್ಲೇ ಬುಕ್ ಆಗಿದ್ರೂ ಪರವಾಗಿಲ್ಲ, ಹೊರಡೋಕೆ ಒಂದು ತಿಂಗಳು ಮುಂಚೆ ತನಕ ಬಹಳ ಜನ ಬದಲಾಯಿಸಿ ಕೊಡ್ತಾರೆ, ಕೇಳಿ ನೋಡಿ.

ಇಂತಿ,
ಅರುಶಾದಲ್ಲಿರೋ ನಿಮ್ಮೂರ ಹೆಣ್ಣುಮಗಳು